ಮಂತ್ರಕ್ಕೆ ನೂರು ದಾರಿ, ಕತ್ತಿಗೆ ಒಂದೇ ದಾರಿ

'ಫೈಟರ್ ತಗೋ, ಸುಲಭ.' ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಗೇಮ್ ಆಡಲು ಹೊಸದಾಗಿ ಕೂತವರಿಗೆ ಹಳಬರು ಹೇಳುವ ಮೊದಲ ಬುದ್ಧಿಮಾತು ಇದು. ಕತ್ತಿ ಹಿಡಿ, ಮುಂದೆ ನಿಲ್ಲು, ಹೊಡಿ. ಮಂತ್ರಗಿಂತ್ರ ಎಲ್ಲ ಆಮೇಲೆ, ಆಟ ತಲೆಗೆ ಹತ್ತಿದ ಮೇಲೆ. ಕೇಳಲು ಅಕ್ಕರೆಯ ಮಾತು. ಆದರೆ ಇದರೊಳಗೆ ಒಂದು ಮೋಸ ಇದೆ ಎನ್ನುವುದು ನಮ್ಮ ವಾದ. ಸುಲಭದ್ದು ಎಂದು ಹೊಸಬರ ಕೈಗಿಡುವುದು ನಿಜಕ್ಕೂ ಕಡಿಮೆಯದ್ದು. ಅವರು 60 ಗಂಟೆ, 100 ಗಂಟೆ ಆಡಿದ ಮೇಲೂ ಅದು ಕಡಿಮೆಯಾಗಿಯೇ ಉಳಿಯುತ್ತದೆ.

ರಸ್ತೆ, ನೀರು, ಅಡಿಕೆ ರೇಟು ಬರೆಯುವ ನಿಮಗೆ ಗೇಮಿನ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ನಮ್ಮ ಓದುಗರಲ್ಲಿ ತುಂಬ ಜನ ಈ ಬರಹ ಓದುವ ಫೋನಿನಲ್ಲೇ ಗೇಮನ್ನೂ ಆಡುತ್ತಾರೆ. ಆಡಲಾಗದ್ದನ್ನು ಯೂಟ್ಯೂಬಿನಲ್ಲಿ ನೋಡುತ್ತಾರೆ. ಸಿನಿಮಾದಲ್ಲಿ ಯಾರಿಗೆ ಎಷ್ಟು ಮಾತು ಕೊಟ್ಟರು ಎಂದು ನಾವು ಚರ್ಚೆ ಮಾಡುತ್ತೇವಲ್ಲ, ಗೇಮಿನಲ್ಲಿ ಯಾರಿಗೆ ಎಷ್ಟು ಕೈ ಕೊಟ್ಟರು ಎನ್ನುವುದೂ ಅಂಥದ್ದೇ ಪ್ರಶ್ನೆ.

ಜಗಳ ಏನು?

ಗೊತ್ತಿಲ್ಲದವರಿಗೆ ಎರಡೇ ಮಾತಿನಲ್ಲಿ ಹೇಳುತ್ತೇವೆ. ಈ ಆಟಗಳಲ್ಲಿ ಮೊದಲು ನೀವು ಒಂದು ಪಾತ್ರ ಕಟ್ಟಬೇಕು. ಆ ಪಾತ್ರಕ್ಕೆ ಒಂದು 'ಕ್ಲಾಸ್' ಆರಿಸಬೇಕು. ಕೆಲವು ಕ್ಲಾಸುಗಳು ಕತ್ತಿ, ಕೊಡಲಿ, ಬಿಲ್ಲು, ಮುಷ್ಟಿ ನಂಬಿದವು: ಫೈಟರ್, ಬಾರ್ಬೇರಿಯನ್, ರೋಗ್, ಮಾಂಕ್. ಇವರನ್ನು ಕತ್ತಿಯವರು ಎನ್ನೋಣ. ಇನ್ನು ಕೆಲವು ಮಂತ್ರ ನಂಬಿದವು: ವಿಝಾರ್ಡ್, ಸೋರ್ಸರರ್, ಕ್ಲೆರಿಕ್, ಡ್ರೂಯಿಡ್. ಇವರು ಮಂತ್ರದವರು. ಲೆವೆಲ್ ಏರಿದಂತೆ ಇಬ್ಬರಿಗೂ ಬಲ ಬರುತ್ತದೆ. ಜಗಳ ಇರುವುದು ಆ ಬಲ ಯಾವ ಬಗೆಯದು ಎನ್ನುವುದರಲ್ಲಿ. ಕತ್ತಿಯವನಿಗೆ ಲೆವೆಲ್ ಏರಿದರೆ ಅದೇ ಏಟು ಇನ್ನೂ ಜೋರಾಗುತ್ತದೆ. ಮಂತ್ರದವನಿಗೆ ಲೆವೆಲ್ ಏರಿದರೆ ನಿನ್ನೆ ಇಲ್ಲದ ಹೊಸ ಕೆಲಸವೇ ಕೈಗೆ ಬರುತ್ತದೆ. ಒಬ್ಬನದು ಒಂದೇ ಗೆರೆ ಉದ್ದವಾಗುತ್ತ ಹೋಗುವ ಲೆಕ್ಕ, ಇನ್ನೊಬ್ಬನದು ಕೊಂಬೆ ಒಡೆದು ಮರವಾಗುವ ಲೆಕ್ಕ.

ಹಳೆಯ ಕರಾರು

ಈ ಆಟಗಳೆಲ್ಲದರ ತಾಯಿಬೇರು ಅಮೆರಿಕದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಕಾಗದ, ಪೆನ್ಸಿಲ್, ದಾಳದ ಆಟ. ಆಗ ಇದ್ದದ್ದು ಮೂರೇ ಕ್ಲಾಸ್: ಕಾದಾಡುವವನು, ಮಂತ್ರ ಬಳಸುವವನು, ಪುರೋಹಿತ. ಮಂತ್ರದ ನಿಯಮಕ್ಕೆ ಅಮೆರಿಕದ ಲೇಖಕ ಜ್ಯಾಕ್ ವ್ಯಾನ್ಸ್ ಕಥೆಗಳು ಮಾದರಿ. ಬೆಳಿಗ್ಗೆ ಮಂತ್ರ ಬಾಯಿಪಾಠ ಮಾಡಬೇಕು, ಒಮ್ಮೆ ಹೇಳಿದರೆ ಅದು ತಲೆಯಿಂದ ಅಳಿಸಿಹೋಗುತ್ತದೆ, ಮತ್ತೆ ಬೇಕೆಂದರೆ ಮಲಗಿ ಎದ್ದು ಮತ್ತೆ ಪಾಠ ಮಾಡಬೇಕು.

ಇದೊಂದು ಕರಾರು. ಮಂತ್ರದವನಿಗೆ ದೊಡ್ಡ ಬಲ ಕೊಡುತ್ತೇವೆ, ಬದಲಿಗೆ ಅವನು ದೊಡ್ಡ ಬೆಲೆ ತೆರಬೇಕು. ಆಟದ ಎರಡನೇ ಆವೃತ್ತಿಯಲ್ಲಿ ಫೈಟರ್ ಪ್ರತಿ ಲೆವೆಲ್ಲಿಗೆ ಹತ್ತು ಮುಖದ ದಾಳ ಉರುಳಿಸಿ ಜೀವ ಗಳಿಸುತ್ತಿದ್ದ, ಮಂತ್ರವಾದಿಗೆ ನಾಲ್ಕು ಮುಖದ ದಾಳ. ಮಂತ್ರವಾದಿಗೆ ಕವಚ ಇಲ್ಲ. ಮೊದಲ ಲೆವೆಲ್ಲಿನ ಸಾಧಾರಣ ಮಂತ್ರವಾದಿಗೆ ಇಡೀ ದಿನಕ್ಕೆ ಒಂದೇ ಮಂತ್ರ. ಅದು ಖರ್ಚಾದ ಮೇಲೆ ಕತ್ತಿಯವನ ಬೆನ್ನ ಹಿಂದೆ ಅಡಗಬೇಕು. ಅಂದರೆ ಕತ್ತಿಯವನು ಇಲ್ಲದಿದ್ದರೆ ಮಂತ್ರದವನಿಗೆ ಉಳಿಗಾಲವಿಲ್ಲ. ಈ ಹಂಗು ಇರುವವರೆಗೆ ಜೋಡಿ ಸರಿಯಾಗಿತ್ತು.

ನಮ್ಮ ಓದುಗರಿಗೆ ಈ ಕರಾರನ್ನು ಬಿಡಿಸಿ ಹೇಳುವ ಅಗತ್ಯವೂ ಇಲ್ಲ. ಬಯಲಾಟ, ಯಕ್ಷಗಾನ, ತಾಳಮದ್ದಲೆ ಕಂಡವರಿಗೆ ಕರ್ಣನ ಶಕ್ತ್ಯಾಯುಧ ಗೊತ್ತು. ಕವಚ ಕುಂಡಲ ಕೊಯ್ದು ಕೊಟ್ಟು ಇಂದ್ರನಿಂದ ಪಡೆದದ್ದು, ಒಂದೇ ಸಲ ಬಳಸಬಹುದಾದದ್ದು. ಅರ್ಜುನನಿಗೆಂದು ಎತ್ತಿಟ್ಟದ್ದನ್ನು ಘಟೋತ್ಕಚನ ಮಾಯಾಯುದ್ಧ ತಾಳಲಾರದೆ ಅವನ ಮೇಲೆ ಎಸೆಯಬೇಕಾಯಿತು. ಆಮೇಲೆ ಅರ್ಜುನ ಎದುರಾದಾಗ ಕೈ ಖಾಲಿ. ಅದರ ಮೇಲೆ ಪರಶುರಾಮನ ಶಾಪ, ಬೇಕಾದ ಹೊತ್ತಿಗೆ ಮಂತ್ರ ಮರೆವು. ಮಹಾಭಾರತದಲ್ಲಿ ಅಸ್ತ್ರ ದೊಡ್ಡದು, ಅದರ ಬೆಲೆಯೂ ಅಷ್ಟೇ ದೊಡ್ಡದು. ಅದಕ್ಕೇ ಅಷ್ಟೆಲ್ಲ ಅಸ್ತ್ರಗಳ ನಡುವೆಯೂ ಭೀಮನ ಗದೆಗೆ ಮಾನ ಉಳಿಯಿತು.

ಕರಾರು ಮುರಿದದ್ದು ಎಲ್ಲಿ?

ಬೆಲೆ ತೆರುವ ಕರಾರು ಕಂಪ್ಯೂಟರಿಗೆ ಬಂದಾಗ ಸಡಿಲವಾಯಿತು. ಇದಕ್ಕೆ ಒಳ್ಳೆಯ ಸಾಕ್ಷಿ ಕೆನಡಾದ ಬಯೋವೇರ್ 2000ದಲ್ಲಿ ತಂದ ಬಾಲ್ಡರ್ಸ್ ಗೇಟ್ 2. ಇದರ ಹೊಸರೂಪ ಆಂಡ್ರಾಯ್ಡ್ ಫೋನಿಗೂ ಬಂದಿದೆ, ಹಾಗಾಗಿ ನಮ್ಮಲ್ಲಿ ಹಲವರು ಕೈಯಾರೆ ಆಡಿ ನೋಡಬಹುದಾದ ಆಟ. ಆರು ಜನರ ತಂಡ, ಬಲು ಸೊಗಸಾದ ಕಥೆ. ಅದರಲ್ಲಿ ನಮಗೆ ಎರಡು ಮಾತಿಲ್ಲ.

ಆದರೆ ಅದರ ಕಾದಾಟ ನೋಡಿ. ಎದುರಿಗೆ ಬಲಿತ ಮಂತ್ರವಾದಿ ಬಂದ ಕೂಡಲೇ ಅವನ ಮೈಮೇಲೆ ರಕ್ಷೆಗಳು ತಾವಾಗಿಯೇ ಏಳುತ್ತವೆ. ಕಲ್ಲಿನ ಚರ್ಮ ಬಿದ್ದ ಏಟುಗಳನ್ನು ಒಂದೊಂದಾಗಿ ನುಂಗುತ್ತದೆ. ಕನ್ನಡಿ ಬಿಂಬಗಳು ನಿಜವಾದವನು ಯಾರೆಂದು ಮರೆಸುತ್ತವೆ. ಮಾಯಾ ಆಯುಧಗಳಿಂದ ಕಾಯುವ ಇನ್ನೊಂದು ಮಂತ್ರ ಬಿದ್ದರಂತೂ ನೀವು ಹತ್ತಾರು ಗಂಟೆ ಅಲೆದು ಗಳಿಸಿದ ಮಾಯಾ ಕತ್ತಿ ಆ ಹೊತ್ತಿಗೆ ಅವನ ಮೈ ಮುಟ್ಟುವುದೇ ಇಲ್ಲ. ಆಗ ಫೈಟರ್ ಏನು ಮಾಡಬೇಕು? ನಿಮ್ಮ ತಂಡದ ಮಂತ್ರವಾದಿ ಎದುರಾಳಿಯ ರಕ್ಷೆಗಳನ್ನು ಕಿತ್ತುಹಾಕುವವರೆಗೆ ಕಾಯಬೇಕು. ಅಲ್ಲಿ ನಡೆಯುವುದು ಇಬ್ಬರು ಮಂತ್ರದವರ ಚದುರಂಗ. ಕತ್ತಿಯವನು ಅದರಲ್ಲಿ ಕೊನೆಗೆ ಬಂದು ಕಸ ಗುಡಿಸುವವನು.

ಹಾಗೆಂದು ಅಲ್ಲಿ ಕತ್ತಿಗೆ ಏನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಕಾರ್ಸೊಮಿರ್ ಎಂಬ ಖಡ್ಗ ಇದೆ, ತಗುಲಿದ ಏಟಿಗೆ ಮಂತ್ರ ಕಳಚುತ್ತದೆ. ಅದನ್ನು ಪ್ಯಾಲಡಿನ್ ಮಾತ್ರ ಹಿಡಿಯಬಹುದು. ಇನ್‌ಕ್ವಿಸಿಟರ್ ಎಂಬ ಪ್ಯಾಲಡಿನ್ ಬಗೆಯವನಿಗೆ ಮಂತ್ರ ಕಳಚುವ ಶಕ್ತಿ ತನ್ನ ಲೆವೆಲ್ಲಿನ ಎರಡರಷ್ಟು ಇರುತ್ತದೆ. ಆದರೆ ಗಮನಿಸಿ, ಇಲ್ಲಿಯೂ ಮಂತ್ರಕ್ಕೆ ಮದ್ದು ಇನ್ನೊಂದು ಮಂತ್ರವೇ. ಬರೀ ಫೈಟರ್ ತನ್ನ ಕೈಚಳಕದಿಂದ, ಅನುಭವದಿಂದ ಆ ರಕ್ಷೆಯನ್ನು ಒಡೆಯುವ ದಾರಿಯನ್ನು ಆಟ ಯೋಚಿಸಿಯೇ ಇಲ್ಲ.

ಇನ್ನು ಮಲಗಿ ಎದ್ದು ಮಂತ್ರ ಪಾಠ ಮಾಡುವ ಬೆಲೆ? ಗುಹೆಯ ನಡುವೆಯೇ ಎಂಟು ಗಂಟೆ ಮಲಗಬಹುದು. ಆಗಾಗ ಮೃಗಗಳು ಮೇಲೆ ಬೀಳುತ್ತವೆ, ಅಷ್ಟೇ. ಬಹುಪಾಲು ಕಥೆ ನಿಮಗಾಗಿ ಕಾದು ನಿಲ್ಲುತ್ತದೆ. ಕಾಗದದ ಆಟದಲ್ಲಿ ಆಟ ನಡೆಸುವವನು 'ನೀವು ಮಲಗಿದಿರಿ, ಅಷ್ಟರಲ್ಲಿ ಶತ್ರು ಊರು ಸುಟ್ಟ' ಎಂದು ಹೇಳಬಲ್ಲ. ಕಂಪ್ಯೂಟರ್ ಹೇಳುವುದಿಲ್ಲ. ಬೆಲೆ ಹೋಯಿತು, ಬಲ ಮಾತ್ರ ಉಳಿಯಿತು.

ಏಟಿನ ಲೆಕ್ಕ ತೋರಿಸಬೇಡಿ

ಇದು ಹಳೆಯ ಕಥೆ, ಈಗ ಎಲ್ಲ ಸರಿಯಾಗಿದೆ ಎನ್ನುವವರು ಬಾಲ್ಡರ್ಸ್ ಗೇಟ್ 3 ಕಡೆ ಬೆರಳು ತೋರಿಸುತ್ತಾರೆ. ಬೆಲ್ಜಿಯಂನ ಲಾರಿಯನ್ 2023ರ ಆಗಸ್ಟಿನಲ್ಲಿ ತಂದ ಆಟ. ಇದಕ್ಕೆ ಒಳ್ಳೆಯ ಪಿಸಿ ಅಥವಾ ಪಿಎಸ್5 ತರಹದ್ದು ಬೇಕು. ನಮ್ಮ ಬಹುಪಾಲು ಓದುಗರಿಗೆ ಇದರ ಪರಿಚಯ ವಿಡಿಯೋಗಳಲ್ಲಿ.

ಅವರ ಲೆಕ್ಕವನ್ನು ಮೊದಲು ಒಪ್ಪಿಕೊಂಡೇ ಮಾತಾಡೋಣ. ಐದನೇ ಲೆವೆಲ್ಲಿನ ವಿಝಾರ್ಡ್ ಬೆಂಕಿಯುಂಡೆ ಎಸೆದರೆ ಆರು ಮುಖದ ಎಂಟು ದಾಳ, ಸರಾಸರಿ 28 ಪೆಟ್ಟು. ಒಂದೇ ಏಟಿಗೆ ಮೂರು ನಾಲ್ಕು ಜನ ಸಿಗಬಹುದು. ಆದರೆ ಆ ಮಟ್ಟದ ಮಂತ್ರಕ್ಕೆ ಆಗ ಅವನಿಗಿರುವುದು ಎರಡೇ ಅವಕಾಶ, ಮತ್ತೊಂದನ್ನು ಗಿಟ್ಟಿಸಲು ದಾರಿಗಳಿವೆ. ಅದೇ ಲೆವೆಲ್ಲಿನ ಫೈಟರ್ ಎರಡು ಕೈಯ ಕತ್ತಿಯಿಂದ ಒಂದು ಸರದಿಗೆ ಎರಡು ಸಲ ಬೀಸುತ್ತಾನೆ. ಏಟಿಗೆ ಸರಾಸರಿ 11ರಂತೆ ಎರಡೂ ತಗುಲಿದರೆ 22. ಇದು ದಿನವಿಡೀ, ಸರದಿ ಸರದಿಗೂ ನಡೆಯುತ್ತದೆ. ಹನ್ನೊಂದನೇ ಲೆವೆಲ್ಲಿಗೆ ಮೂರು ಏಟು. ಭಾರಿ ಆಯುಧದ ವಿದ್ಯೆ ಕಲಿತರೆ, ಗುರಿ ತಪ್ಪುವ ಅಪಾಯ ಹೆಚ್ಚಿಸಿಕೊಂಡು, ಪ್ರತಿ ಏಟಿಗೆ ಇನ್ನೂ 10. ಆಟದ ಗರಿಷ್ಠ ಲೆವೆಲ್ 12 ಆದ್ದರಿಂದ ಮಂತ್ರದವರಿಗೆ ಆರನೇ ಮಟ್ಟದವರೆಗಿನ ಮಂತ್ರಗಳಷ್ಟೇ ಸಿಗುತ್ತವೆ. ಕಾಲವನ್ನೇ ನಿಲ್ಲಿಸುವಂಥ ಒಂಬತ್ತನೇ ಮಟ್ಟದವು ಅವರ ಕೈಗೆ ಎಟುಕುವುದಿಲ್ಲ. ಹಾಗಾಗಿ ಬರೀ ಪೆಟ್ಟಿನ ಲೆಕ್ಕದಲ್ಲಿ ಕತ್ತಿಯವರು ಹಿಂದೆ ಬಿದ್ದಿಲ್ಲ.

ಲಾರಿಯನ್ ಇನ್ನೂ ಕೆಲವು ಒಳ್ಳೆಯ ಕೆಲಸ ಮಾಡಿದೆ. ಒಂದೊಂದು ಬಗೆಯ ಆಯುಧಕ್ಕೆ ಅದರದೇ ಪಟ್ಟು ಕೊಟ್ಟಿದೆ, ಬೀಸಿ ಹಲವರನ್ನು ಕೊಯ್ಯುವುದು, ಕಾಲು ತಪ್ಪಿಸಿ ಕೆಡವುವುದು ಹೀಗೆ. ಎದುರಾಳಿಯನ್ನು ಬಂಡೆಯಿಂದ ಕೆಳಕ್ಕೆ ನೂಕಬಹುದು. ತೋಳ್ಬಲ ಹೆಚ್ಚಿದ್ದಷ್ಟೂ ದೂರ ಜಿಗಿಯಬಹುದು. ಮಂತ್ರವನ್ನು ಹಿಡಿದು ನಿಲ್ಲಿಸಿಕೊಂಡವನಿಗೆ ಏಟು ಬಿದ್ದರೆ ಅವನ ಏಕಾಗ್ರತೆ ಒಡೆಯಬಹುದು. ಇವೆಲ್ಲ ಮೆಚ್ಚಬೇಕಾದವು.

ಆದರೆ ನಮ್ಮ ತಕರಾರು ಪೆಟ್ಟಿನ ಲೆಕ್ಕದ್ದಲ್ಲ. ಅಂಥ ಆಟದಲ್ಲಿ ಕಾದಾಟ ಎಷ್ಟು, ಮಿಕ್ಕಿದ್ದು ಎಷ್ಟು ನೋಡಿ. ಸತ್ತವನನ್ನು ಮಾತಾಡಿಸಿ ಕೊಲೆಗಾರ ಯಾರೆಂದು ತಿಳಿಯಬೇಕು: ಮಂತ್ರ. ಪ್ರಾಣಿಗಳ ಮಾತು ಕೇಳಬೇಕು: ಮಂತ್ರ. ಎದುರಿಗಿರುವವನ ಮನಸ್ಸು ಓದಬೇಕು: ಮಂತ್ರ. ಕಣ್ಣಿಗೆ ಕಾಣದೆ ಕೋಟೆಯೊಳಗೆ ನುಗ್ಗಬೇಕು, ಕಂದಕದ ಆಚೆಗೆ ಹಾರಬೇಕು, ಮುಖ ಬದಲಿಸಿಕೊಂಡು ಕಾವಲುಗಾರನನ್ನು ಏಮಾರಿಸಬೇಕು: ಮಂತ್ರ, ಮಂತ್ರ, ಮಂತ್ರ. ಈ ಜಾಗಗಳಲ್ಲಿ ಫೈಟರ್ ಏನು ಮಾಡುತ್ತಾನೆ? ನಿಂತು ನೋಡುತ್ತಾನೆ. ಇಲ್ಲವೇ ಮಂತ್ರ ತುಂಬಿದ ಸುರುಳಿಯನ್ನೋ ಬಾಟಲಿಯನ್ನೋ ತಂದುಕೊಳ್ಳುತ್ತಾನೆ.

ಕತ್ತಿಯವರಿಗೆ ಕೊಟ್ಟದ್ದನ್ನೂ ಮಂತ್ರ ಮೆಲ್ಲಗೆ ಕಿತ್ತುಕೊಳ್ಳುತ್ತದೆ. ತೋಳ್ಬಲದವನು ದೂರ ಜಿಗಿಯುತ್ತಾನೆ ಸರಿ, ಆದರೆ ಜಿಗಿತವನ್ನು ಮೂರು ಪಟ್ಟು ಮಾಡುವ ಮಂತ್ರ ಮೊದಲನೇ ಮಟ್ಟದ್ದು. ರೋಗ್ ಬೀಗ ತೆಗೆಯುವ ಕೈಚಳಕ ಕಲಿಯುತ್ತಾನೆ, ಅದೇ ಬೀಗವನ್ನು ಒಂದು ಮಂತ್ರ ಚಿಟಿಕೆಯಲ್ಲಿ ತೆಗೆಯುತ್ತದೆ. ಕೊನೆಗೆ ತೋಳ್ಬಲವೂ ಬಾಟಲಿಯಲ್ಲಿ ಸಿಗುತ್ತದೆ. ದೈತ್ಯನ ಬಲದ ರಸಾಯನ ಕುಡಿದರೆ ಯಾರ ತೋಳಾದರೂ 21. ಆದರೆ ಕುಡಿದ ಫೈಟರ್ ಒಬ್ಬ ಪೂರ್ತಿ ಮಂತ್ರವಾದಿಯಾಗುವ ಬಾಟಲಿಯನ್ನು ಯಾರೂ ಮಾಡಿಲ್ಲ.

ಮಾತಿನ ವಿಷಯ ಇನ್ನೂ ತಮಾಷೆ. ಒಲಿಸುವುದು, ನಂಬಿಸುವುದು ಮಾತ್ರವಲ್ಲ, ಬೆದರಿಸುವ ಕೌಶಲವೂ ಇಲ್ಲಿ ನಿಂತಿರುವುದು ಕರಿಷ್ಮಾ ಮೇಲೆ, ಅಂದರೆ ವ್ಯಕ್ತಿತ್ವದ ಸೆಳೆತದ ಮೇಲೆ. ಹಾಡುವ ಬಾರ್ಡ್, ಸೋರ್ಸರರ್, ವಾರ್ಲಾಕ್ ಇವರಿಗೆ ಮಂತ್ರ ನಡೆಯುವುದೂ ಕರಿಷ್ಮಾದಿಂದಲೇ. ಹಾಗಾಗಿ ಒಂದೇ ಬಂಡವಾಳದಲ್ಲಿ ಎರಡು ಅಂಗಡಿ. ಫೈಟರಿಗೆ ಕಾದಾಟದಲ್ಲಿ ಅದರಿಂದ ನಯಾಪೈಸೆ ಲಾಭವಿಲ್ಲ, ಹಾಗಾಗಿ ಅವನದು ಕಡಿಮೆ ಇರುತ್ತದೆ. ಫಲ ಏನು? ಆಳೆತ್ತರದ ಕೊಡಲಿ ಹೊತ್ತವನು ಬೆದರಿಸಿದರೆ ಎದುರಿನವನು ನಗುತ್ತಾನೆ, ವೀಣೆಯಂಥ ವಾದ್ಯ ಹಿಡಿದ ತೆಳ್ಳಗಿನವನು ಬೆದರಿಸಿದರೆ ನಡುಗುತ್ತಾನೆ. ಅಲ್ಲೊಂದು ಇಲ್ಲೊಂದು ಕಡೆ ಕತ್ತಿಯವರಿಗೆಂದೇ ಬರೆದ ಮಾತುಗಳಿವೆ, ಇಲ್ಲವೆನ್ನುವುದಿಲ್ಲ. ಊಟಕ್ಕೆ ಉಪ್ಪಿನಕಾಯಿ ಇದ್ದಂತೆ ಅವು.

2025ರ ಏಪ್ರಿಲ್‌ನಲ್ಲಿ ಬಂದ ಎಂಟನೇ ಪ್ಯಾಚಿನಲ್ಲಿ 12 ಕ್ಲಾಸಿಗೂ ಒಂದೊಂದು ಹೊಸ ಉಪಕ್ಲಾಸ್ ಸೇರಿತು. ರೋಗಿಗೆ ಸಿಕ್ಕ ಸ್ವಾಶ್‌ಬಕ್ಲರ್ ಮಂತ್ರದ ಹಂಗಿಲ್ಲದ್ದು, ಸಂತೋಷ. ಆದರೆ ಫೈಟರಿಗೆ ಸಿಕ್ಕದ್ದು ಆರ್ಕೇನ್ ಆರ್ಚರ್, ಮಾಯಾ ಬಾಣ ಬಿಡುವವನು. ವಿಝಾರ್ಡಿಗೆ ಸಿಕ್ಕದ್ದು ಬ್ಲೇಡ್‌ಸಿಂಗಿಂಗ್, ಕತ್ತಿ ಹಿಡಿದು ಕುಣಿಯುತ್ತ ಕಾದಾಡುವ ವಿದ್ಯೆ. ಇಬ್ಬರಿಗೂ ಬಂದದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. ಫೈಟರಿಗೆ ಹೊಸದೇನಾದರೂ ಕೊಡಬೇಕೆಂದರೆ ಮಂತ್ರವನ್ನೇ ಎರವಲು ಕೊಡಬೇಕು. ವಿಝಾರ್ಡಿಗೆ ಮಾತ್ರ ತನ್ನದೆಲ್ಲವನ್ನೂ ಇಟ್ಟುಕೊಂಡು ಫೈಟರಿನ ಕತ್ತಿಯನ್ನೂ ಎತ್ತಿಕೊಳ್ಳಬಹುದು. ಕತ್ತಿಯವರ ಬಳಿ ಇದ್ದ ಒಂದೇ ಹೊಲಕ್ಕೂ ಬೇಲಿ ಇಲ್ಲದಂತಾಯಿತು.

ಕಥೆಯಲ್ಲಿ ಬೆಲೆ, ಆಟದಲ್ಲಿ ಬಿಟ್ಟಿ

ಇದು ಒಂದು ಆಟದ ಚಾಳಿಯಲ್ಲ. 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್ ಕಥೆಯಲ್ಲಿ ಮಂತ್ರದವರನ್ನು ಗೋಪುರದಲ್ಲಿ ಕೂಡಿಹಾಕುತ್ತಾರೆ, ಟೆಂಪ್ಲರುಗಳೆಂಬ ಕಾವಲುಗಾರರು ಹಗಲಿರುಳು ಕಾಯುತ್ತಾರೆ, ಏಕೆಂದರೆ ಮಂತ್ರ ಬಳಸುವವನ ಮೈಮೇಲೆ ಪಿಶಾಚಿ ಬರಬಹುದು. ಎಷ್ಟು ದೊಡ್ಡ ಬೆಲೆ! ಆದರೆ ನೀವೇ ಮಂತ್ರವಾದಿಯಾಗಿ ಕಾದಾಟಕ್ಕಿಳಿದು ಎಷ್ಟು ಬೆಂಕಿ ಎರಚಿದರೂ ನಿಮ್ಮ ಮೈಮೇಲೆ ಪಿಶಾಚಿ ಬರುವುದಿಲ್ಲ. ಅದರ ಮೇಲೆ ಆರ್ಕೇನ್ ವಾರಿಯರ್ ಎಂಬ ವಿದ್ಯೆ ಸಿಕ್ಕರೆ ತೋಳ್ಬಲದ ಬದಲು ಮಂತ್ರಬಲದಿಂದಲೇ ಭಾರಿ ಕವಚ ತೊಡಬಹುದು.

ತಕ್ಕಡಿ ಇನ್ನೊಂದು ಕಡೆಗೆ ವಾಲಿದ ಆಟವೂ ಇದೆ. 2011ರ ಸ್ಕೈರಿಮ್‌ನಲ್ಲಿ ಕಮ್ಮಾರಿಕೆ ಕಲಿತವನ ಕತ್ತಿ ಹರಿತವಾಗುತ್ತಲೇ ಹೋಗುತ್ತದೆ, ಬೆಂಕಿ ಎರಚುವ ಮಂತ್ರದ ಪೆಟ್ಟು ಮಾತ್ರ ಕೌಶಲ ಏರಿದರೂ ತಾನಾಗಿ ಏರುವುದಿಲ್ಲ. ಅಲ್ಲಿ ಮಂತ್ರವಾದಿಗೆ ಅನ್ಯಾಯವಾಗಿದೆ, ನಾವು ಅದನ್ನೂ ಅನ್ಯಾಯ ಎಂದೇ ಕರೆಯುತ್ತೇವೆ. ನಮ್ಮದು ಮಂತ್ರದ ಮೇಲಿನ ಹಗೆಯಲ್ಲ.

ಅವರು ಹೇಳುವುದು, ನಾವು ಹೇಳುವುದು

'ಮಂತ್ರ ಎಂದ ಮೇಲೆ ಕತ್ತಿಗಿಂತ ದೊಡ್ಡದಿರಲೇಬೇಕು, ಮನುಷ್ಯನ ತೋಳಿಗೆ ಮಿತಿಯಿದೆ' ಎನ್ನುತ್ತಾರೆ. ಸ್ವಾಮಿ, ಅದೇ ಫೈಟರ್ ಡ್ರ್ಯಾಗನ್ನಿನ ಬೆಂಕಿ ಮೈಮೇಲೆ ಸುರಿದರೂ ಎದ್ದು ನಿಂತು ಅದರ ಕತ್ತು ಕಡಿಯುತ್ತಾನೆ. ಆಗ ಮನುಷ್ಯನ ಮಿತಿ ನೆನಪಾಗಲಿಲ್ಲ. ಬಾಗಿಲು ಒಡೆಯುವಾಗ, ಗೋಡೆ ಏರುವಾಗ, ಜನರನ್ನು ಸೇರಿಸುವಾಗ ಮಾತ್ರ ನೆನಪಾಗುತ್ತದೆಯೇ?

'ಒಬ್ಬನೇ ಆಡುವ ಆಟಕ್ಕೆ ಸಮತೋಲನ ಏಕೆ?' ಎನ್ನುತ್ತಾರೆ. ಬಾಲ್ಡರ್ಸ್ ಗೇಟ್ 3 ನಾಲ್ಕು ಜನ ಸೇರಿಯೂ ಆಡಬಹುದಾದ ಆಟ. ಮೂವರು ಸತ್ತವರನ್ನು ಮಾತಾಡಿಸುತ್ತ, ಮನಸ್ಸು ಓದುತ್ತ, ಮಾಯವಾಗುತ್ತ ಕಥೆ ಬಿಡಿಸುವಾಗ ನಾಲ್ಕನೆಯವರು 'ಹೊಡೆಯೋದು ಇದ್ದರೆ ಕರೆಯಿರಿ' ಎಂದು ಕೂರಬೇಕು. ಆ ನಾಲ್ಕನೆಯವರು ಹೆಚ್ಚಾಗಿ ಯಾರು? 'ಸುಲಭ' ಎಂದು ಫೈಟರ್ ಕೊಟ್ಟು ಕೂರಿಸಿದ ಹೊಸಬರು. ಒಬ್ಬರೇ ಆಡಿದರೂ ಅಷ್ಟೇ, ಯಾವ ಪಾತ್ರ ಕಟ್ಟಿದರೂ ಕಥೆಯಲ್ಲಿ ನಮ್ಮ ಕೈ ಆಡಬೇಕು ಎನ್ನುವುದು ದುಡ್ಡು ಕೊಟ್ಟವರ ಹಕ್ಕು.

'2008ರ ನಾಲ್ಕನೇ ಆವೃತ್ತಿಯಲ್ಲಿ ಎಲ್ಲರನ್ನೂ ಸಮ ಮಾಡಲು ಹೋಗಿ ಎಲ್ಲರೂ ಒಂದೇ ತರಹ ಆದರು' ಎನ್ನುತ್ತಾರೆ. ಈ ಮಾತಿನಲ್ಲಿ ತೂಕವಿದೆ. ಆಗ ಎಲ್ಲ ಕ್ಲಾಸಿನ ಶಕ್ತಿಗಳಿಗೂ ಒಂದೇ ಅಚ್ಚು ಇತ್ತು: ಯಾವಾಗಲೂ ಬಳಸುವವು, ಕಾದಾಟಕ್ಕೊಮ್ಮೆ, ದಿನಕ್ಕೊಮ್ಮೆ. ಬಹಳ ಜನ ಒಪ್ಪಲಿಲ್ಲ, 2014ರ ಐದನೇ ಆವೃತ್ತಿ ಆ ಅಚ್ಚನ್ನು ಬಿಟ್ಟಿತು. ಆದರೆ ಅದೇ ನಾಲ್ಕನೇ ಆವೃತ್ತಿಯಲ್ಲಿ ಫೈಟರ್ ಎದುರಾಳಿಯ ಮೇಲೆ ಗುರುತು ಹಾಕುತ್ತಿದ್ದ. ಅವನನ್ನು ಬಿಟ್ಟು ಪಕ್ಕದವನಿಗೆ ಹೊಡೆಯಲು ಹೋದವನು ಬೆಲೆ ತೆರಬೇಕಿತ್ತು. ಅದು ಪೂರ್ತಿ ಕತ್ತಿಯವನದೇ ವಿದ್ಯೆ, ಮಂತ್ರದಿಂದ ಎರವಲು ತಂದದ್ದಲ್ಲ. ಹೊಟ್ಟು ತೂರುವಾಗ ಕಾಳನ್ನೂ ಗಾಳಿಗೆ ಬಿಟ್ಟರು.

'ಹೊಸಬರಿಗೆ ಸುಲಭದ್ದು ಒಂದು ಬೇಡವೇ?' ಎನ್ನುತ್ತಾರೆ. ಬೇಕು. ಸುಲಭವಾಗಿ ಶುರುವಾಗಲಿ. ಆದರೆ ಶುರು ಸುಲಭವಾದದ್ದಕ್ಕೆ ಕೊನೆಯವರೆಗೂ ಬಡವಾಗಿರಬೇಕೆಂಬ ನಿಯಮ ಯಾರು ಮಾಡಿದರು? ಕಬಡ್ಡಿ ಶುರು ಮಾಡುವುದು ಸುಲಭ, ಅದರಲ್ಲಿ ಪಳಗಿದವನ ಪಟ್ಟುಗಳಿಗೆ ಕೊನೆಯಿಲ್ಲ. ಹೊಸಬರಿಗೆ ಕಡಿಮೆ ಆಯ್ಕೆ ಸಾಕು ಎನ್ನುವ ಈ ಮಾತಿನ ಧಾಟಿ ಹಳ್ಳಿಯಿಂದ ಬಂದ ನಮಗೆ ಹೊಸದೇನಲ್ಲ. 'ನಿಮಗೆ ಇಷ್ಟು ಸಾಕು' ಎಂಬುದನ್ನು ಬೇರೆ ಬೇರೆ ಕೌಂಟರುಗಳಲ್ಲಿ ಕೇಳಿಯೇ ಬೆಳೆದಿದ್ದೇವೆ. ಮೈಮುರಿದು ಮಾಡುವ ಕೆಲಸದಲ್ಲಿ ವಿದ್ಯೆ ಇಲ್ಲ, ಪುಸ್ತಕ ಹಿಡಿದವನಲ್ಲಿ ಮಾತ್ರ ವಿದ್ಯೆ ಇದೆ ಎನ್ನುವ ನಂಬಿಕೆಯೂ ಇದರ ಹಿಂದೆ ಇಣುಕುತ್ತದೆ. ನೇಗಿಲು ಹಿಡಿದವರು, ಮರ ಹತ್ತಿದವರು, ಕಲ್ಲು ಒಡೆದವರು ಇದನ್ನು ಒಪ್ಪಲಾರರು. ಕಲ್ಲಿನ ಎಳೆ ಯಾವ ಕಡೆ ಇದೆ ಎಂದು ನೋಡಿದ ಕೂಡಲೇ ಹೇಳುವವನ ತಿಳಿವು ಯಾವ ಮಂತ್ರಕ್ಕೆ ಕಡಿಮೆ?

ನಾವು ಕೇಳುವುದು

ಮಂತ್ರದವರ ಕೈ ಕಟ್ಟಿ ಎಂದು ನಾವು ಕೇಳುತ್ತಿಲ್ಲ. ಕೇಳುವುದು ಮೂರೇ.

ಒಂದು, ಮಂತ್ರದ ಬೆಲೆ ವಾಪಸ್ ಬರಲಿ. ಬಾಲ್ಡರ್ಸ್ ಗೇಟ್ 3ರಲ್ಲಿ ರಾತ್ರಿ ಪೂರ್ತಿ ಮಲಗಿ ಮಂತ್ರ ತುಂಬಿಕೊಳ್ಳಲು 40 ಅಳತೆಯ ಆಹಾರ ಬೇಕು, ಕಷ್ಟದ ಮಟ್ಟದಲ್ಲಿ 80. ಆದರೆ ಪೀಪಾಯಿ, ಪೆಟ್ಟಿಗೆ ತಡಕಿದರೆ ಸಾಕು, ಆಹಾರ ರಾಶಿ ಬೀಳುತ್ತದೆ. ಬೆಲೆ ಎಂದು ಹೆಸರಿಗಿಟ್ಟು ಸಂತೆಯಲ್ಲಿ ಪುಕ್ಕಟೆ ಹಂಚಿದಂತೆ. ಬೆಲೆ ಇಟ್ಟರೆ ಕೈಗೆ ತಾಗುವಂತೆ ಇಡಿ.

ಎರಡು, ಕಾದಾಟದ ಹೊರಗೂ ಕತ್ತಿಯವರಿಗೆ ಅವರದೇ ಕೆಲಸ ಇರಲಿ. ಗಾಯ ನೋಡಿ ಯಾವ ಆಯುಧ, ಹೊಡೆದವನು ಎಡಗೈಯವನೋ ಬಲಗೈಯವನೋ ಎಂದು ಫೈಟರ್ ಹೇಳಲಿ. ಹೆಣ ಮಾತಾಡಿಸುವ ಮಂತ್ರಕ್ಕೆ ಅದು ಸರಿಸಾಟಿ. ಕೋಟೆ ನೋಡಿ ಎಲ್ಲಿ ಕಾವಲು ತೆಳು ಎಂದು ಹೇಳಲಿ. ಹಳೆಯ ಸಿಪಾಯಿಗಳು ಅವನ ಹೆಸರು ಕೇಳಿ ದಾರಿ ಬಿಡಲಿ. ಬೆದರಿಸುವುದಕ್ಕೆ ತೋಳ್ಬಲವೂ ನಡೆಯಲಿ. ಇದಕ್ಕೆ ಮಾಯೆ ಬೇಡ, ಬರೆಯುವವರಿಗೆ ಮನಸ್ಸು ಬೇಕು.

ಮೂರು, ಫೈಟರಿಗೆ ಹೊಸದು ಕೊಡುವಾಗಲೆಲ್ಲ ಮಂತ್ರದ ಬಣ್ಣ ಬಳಿಯುವುದು ನಿಲ್ಲಲಿ. ಎದುರಾಳಿಯ ರಕ್ಷೆಯ ಬಿರುಕು ಕಂಡುಹಿಡಿದು ಅಲ್ಲೇ ಹೊಡೆಯುವ, ಮಂತ್ರ ಹೇಳುವ ಬಾಯಿಗೆ ಸರಿಯಾದ ಕ್ಷಣಕ್ಕೆ ಗುದ್ದುವ, ಬೀಳುವ ಬೆಂಕಿಗೆ ಗುರಾಣಿ ಒಡ್ಡಿ ಹಿಂದಿನ ಇಬ್ಬರನ್ನು ಕಾಯುವ ಪಟ್ಟುಗಳು ಬರಲಿ. ಲೆವೆಲ್ ಏರಿದಂತೆ ಏಟಿನ ಸಂಖ್ಯೆ ಏರಿದರೆ ಸಾಲದು, ಮಾಡಬಹುದಾದ ಕೆಲಸಗಳೂ ಏರಬೇಕು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಮಾತು. ಮನೆಯಲ್ಲಿ ತಮ್ಮನೋ ತಂಗಿಯೋ ಮೊದಲ ಸಲ ಆಡಲು ಕೂತರೆ 'ಫೈಟರ್ ತಗೋ, ಸುಲಭ' ಎನ್ನಬೇಡಿ. 'ನಿನಗೆ ಕಥೆಯಲ್ಲಿ ಏನು ಮಾಡಬೇಕು ಅಂತ ಆಸೆ ಇದೆ?' ಎಂದು ಕೇಳಿ. ಅವರು ಕತ್ತಿಯನ್ನೇ ಆರಿಸಿದರೆ ಆರಿಸಲಿ. ಆಮೇಲೆ ಆಟದ ಕೆಳಗೆ ವಿಮರ್ಶೆ ಬರೆಯುವಾಗ ಗ್ರಾಫಿಕ್ಸ್ ಸೂಪರ್ ಎಂದಷ್ಟೇ ಬರೆದು ಬಿಡಬೇಡಿ. ಕಾದಾಟ ಮುಗಿದ ಮೇಲೆ ನಿಮ್ಮ ಫೈಟರಿಗೆ ಮಾಡಲು ಏನು ಉಳಿದಿತ್ತು ಎನ್ನುವುದನ್ನೂ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಕೇಳದೆ ಇದ್ದರೆ ಯಾರೂ ಕೊಡುವುದಿಲ್ಲ.